ಪ್ರತಿರಕ್ಷಾಹೀನ ಇಲಿಗೆ ಮಾನವ ಕೋಶಗಳ ಕಸಿ: ಬಳ್ಳಾರಿ, ರಾಯಚೂರು, ಕೊಪ್ಪಳದ ಸಂಶೋಧನಾರ್ಥಿಗಳಿಗೆ ಮಾರ್ಗದರ್ಶಿ

ಮನುಷ್ಯನ ರಕ್ತದಿಂದ ಬೇರ್ಪಡಿಸಿದ ಬಿಳಿ ರಕ್ತಕೋಶಗಳನ್ನು ಇಲಿಯ ದೇಹದಲ್ಲಿ ನೆಲೆಗೊಳಿಸಿ, ಅವುಗಳ ಮೇಲೆ ಔಷಧವೊಂದರ ಪರಿಣಾಮವನ್ನು ನೋಡುವ ಪ್ರಯೋಗವನ್ನು ಕೈಗೊಳ್ಳಲು ನಮ್ಮ ಭಾಗದ ವೈದ್ಯಕೀಯ, ಔಷಧ ವಿಜ್ಞಾನ ಮತ್ತು ಜೀವವಿಜ್ಞಾನ ವಿಭಾಗಗಳ ವಿದ್ಯಾರ್ಥಿಗಳು ಈಗ ಉತ್ಸುಕರಾಗಿದ್ದಾರೆ. ಅವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಇಲಿಯನ್ನು ಇಲ್ಲಿಗೆ ತರುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟು, ಕೋಶಗಳನ್ನು ಇಲ್ಲಿ ಸಿದ್ಧಪಡಿಸಿ ಇಲಿ ಇರುವಲ್ಲಿಗೆ ಒಯ್ಯಿರಿ. ಬೆಂಗಳೂರು ಮತ್ತು ಹೈದರಾಬಾದುಗಳಲ್ಲಿ ಇಂಥ ಇಲಿಗಳನ್ನು ಸಾಕುವ ನೋಂದಾಯಿತ ಪ್ರಾಣಿಗೃಹಗಳಿವೆ. ಬಳ್ಳಾರಿಯವರಿಗೆ ಬೆಂಗಳೂರು ಸುಮಾರು 300 ಕಿಲೋಮೀಟರ್ ದೂರವಾದರೆ, ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ. ಈ ಸಲಹೆಯ ಕಾರಣಗಳು ಮುಂದೆ ಒಂದೊಂದಾಗಿ ತಿಳಿಯುತ್ತವೆ.

ಇಲಿಯ ಆಯ್ಕೆ

ಸಾಧಾರಣ ಇಲಿಗೆ ಮಾನವ ಕೋಶವನ್ನು ಕೊಟ್ಟರೆ ಅದರ ಪ್ರತಿರಕ್ಷಾ ವ್ಯವಸ್ಥೆ ಕೆಲವೇ ದಿನಗಳಲ್ಲಿ ಆ ಕೋಶಗಳನ್ನು ನಾಶಮಾಡುತ್ತದೆ. ಆದ್ದರಿಂದ ಯಾವ ಇಲಿಯಲ್ಲಿ ಯಾವ ಕೋಶ ಇಲ್ಲ ಎಂಬುದನ್ನು ತಿಳಿಯದೆ ಪ್ರಯೋಗವನ್ನು ರೂಪಿಸಲಾಗದು. ಥೈಮಸ್ ಗ್ರಂಥಿ ಬೆಳೆಯದ, ಮೈಮೇಲೆ ಕೂದಲಿಲ್ಲದ ನ್ಯೂಡ್ ಇಲಿಯಲ್ಲಿ ಪರಕೀಯ ಕೋಶವನ್ನು ಗುರುತಿಸಿ ದಾಳಿ ಮಾಡುವ ಟಿ ಕೋಶಗಳ ಕೊರತೆ ಇದ್ದರೂ ಪ್ರತಿಕಾಯ ತಯಾರಿಸುವ ಬಿ ಕೋಶಗಳೂ, ಅಪರಿಚಿತ ಕೋಶವನ್ನು ನೇರವಾಗಿ ಕೊಲ್ಲುವ ಎನ್‌ಕೆ ಕೋಶಗಳೂ ಇರುತ್ತವೆ. ಗೆಡ್ಡೆಯ ಕಸಿಗೆ ಅದು ಸಾಕು, ರಕ್ತಕೋಶಗಳ ಕಸಿಗೆ ಸಾಲದು. 1983ರಲ್ಲಿ ವರದಿಯಾದ ಸಿಡ್ ಇಲಿಯಲ್ಲಿ ಡಿಎನ್‌ಎ ದುರಸ್ತಿಗೆ ಬೇಕಾದ ಪಿಆರ್‌ಕೆಡಿಸಿ ಎಂಬ ಜೀನು ಕೆಟ್ಟಿರುವುದರಿಂದ ಟಿ ಮತ್ತು ಬಿ ಕೋಶಗಳೆರಡೂ ಬಲಿಯುವುದಿಲ್ಲ. 1988ರಲ್ಲಿ ಎರಡು ಬೇರೆ ಬೇರೆ ತಂಡಗಳು ಮಾನವನ ಪ್ರತಿರಕ್ಷಾ ಕೋಶಗಳನ್ನು ಮೊದಲು ನೆಲೆಗೊಳಿಸಿದ್ದು ಇದೇ ಇಲಿಯಲ್ಲಿ. ಆದರೆ ಸಿಡ್ ಇಲಿಯ ಎನ್‌ಕೆ ಕೋಶಗಳು ಚುರುಕಾಗಿಯೇ ಉಳಿದಿರುತ್ತವೆ, ವಯಸ್ಸಾದಂತೆ ಕೆಲವು ಇಲಿಗಳಲ್ಲಿ ಸ್ವಂತ ಪ್ರತಿಕಾಯವೂ ಕಾಣಿಸಿಕೊಳ್ಳುತ್ತದೆ.

ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿದ್ದು 2002ರಲ್ಲಿ ಜಪಾನಿನಿಂದ ಬಂದ ಎನ್‌ಒಜಿ ಮತ್ತು 2005ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದಿಂದ ಬಂದ ಎನ್‌ಎಸ್‌ಜಿ ಎಂಬ ತಳಿಗಳು. ಇವುಗಳಲ್ಲಿ ಸಿಡ್ ದೋಷದ ಜೊತೆಗೆ ಇಂಟರ್‌ಲ್ಯೂಕಿನ್-2 ಗ್ರಾಹಕದ ಗಾಮಾ ಸರಪಳಿಯೂ ಕೆಟ್ಟಿರುವುದರಿಂದ ಎನ್‌ಕೆ ಕೋಶಗಳೂ ಇಲ್ಲ. ಇವುಗಳನ್ನು ಬೆಳೆಸಿದ್ದು ಎನ್‌ಒಡಿ ಎಂಬ ಮಧುಮೇಹಿ ಇಲಿ ತಳಿಯ ಹಿನ್ನೆಲೆಯಲ್ಲಿ; ಅದರ ಇನ್ನೊಂದು ಲಾಭವೆಂದರೆ, ಈ ಇಲಿಯ ಭಕ್ಷಕ ಕೋಶಗಳ ಮೇಲಿರುವ ಸರ್ಪ್-ಆಲ್ಫಾ ಎಂಬ ಪ್ರೋಟೀನು ಮಾನವ ಕೋಶದ ಮೇಲಿರುವ ಸಿಡಿ47 ಎಂಬ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಹಾಗೆ ಅಂಟಿಕೊಂಡಾಗ ಭಕ್ಷಕ ಕೋಶ ಮಾನವ ಕೋಶವನ್ನು ನುಂಗದೆ ಬಿಡುತ್ತದೆ. ಸಿಡ್ ಇಲಿ ಅಗ್ಗ ಎಂಬ ಕಾರಣಕ್ಕೆ ಅದನ್ನು ಆರಿಸಿಕೊಂಡು, ಕೋಶ ನಿಲ್ಲದೆ ಮತ್ತೆ ಮತ್ತೆ ಪ್ರಯೋಗ ಮಾಡುವುದು ದುಬಾರಿ ಉಳಿತಾಯ. ಎಂಟರಿಂದ ಹನ್ನೆರಡು ವಾರ ವಯಸ್ಸಿನ ಎನ್‌ಎಸ್‌ಜಿ ಹೆಣ್ಣು ಇಲಿಗಳನ್ನು ಕೇಳಿಕೊಳ್ಳಿ. ಗಂಡುಗಳಂತೆ ಅವು ಒಂದೇ ಪಂಜರದಲ್ಲಿ ಕಾದಾಡುವುದಿಲ್ಲ.

ಯಾವ ಕೋಶ ಎಂಬ ಪ್ರಶ್ನೆಗೆ ಮುಖ್ಯವಾಗಿ ಎರಡು ಉತ್ತರಗಳಿವೆ. ಹೊಕ್ಕುಳಬಳ್ಳಿಯ ರಕ್ತದಿಂದ ತೆಗೆದ ಸಿಡಿ34 ಎಂಬ ಗುರುತಿನ ಪ್ರೋಟೀನು ಮೇಲಿರುವ ಕಾಂಡಕೋಶಗಳನ್ನು ಸುಮಾರು ಒಂದು ಲಕ್ಷದಷ್ಟು ಕೊಟ್ಟರೆ ಬಿ ಕೋಶ, ಟಿ ಕೋಶ ಮುಂತಾಗಿ ಹಲವು ಬಗೆಯ ಮಾನವ ಕೋಶಗಳು ಇಲಿಯೊಳಗೇ ಹುಟ್ಟಿ ತಿಂಗಳುಗಟ್ಟಲೆ ಉಳಿಯುತ್ತವೆ. ಆದರೆ ಅದಕ್ಕೆ ಮೊದಲು ಇಲಿಯ ಅಸ್ಥಿಮಜ್ಜೆಯಲ್ಲಿ ಜಾಗ ತೆರವು ಮಾಡಲು ಅಲ್ಪ ಪ್ರಮಾಣದ ವಿಕಿರಣವನ್ನೋ ಬುಸಲ್ಫಾನ್ ಔಷಧವನ್ನೋ ಕೊಡಬೇಕು, ಟಿ ಕೋಶಗಳು ತಕ್ಕಷ್ಟು ಕಾಣಿಸಲು ಹನ್ನೆರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಯಬೇಕು. ಎರಡನೆಯದು ವಯಸ್ಕರ ರಕ್ತದಿಂದ ತೆಗೆದ ಏಕಕೇಂದ್ರಕ ಕೋಶಗಳ, ಅಂದರೆ ಪ್ರಯೋಗಾಲಯದ ಮಾತಿನಲ್ಲಿ ಪಿಬಿಎಂಸಿಗಳ, ಕಸಿ. ಇದಕ್ಕೆ ವಿಕಿರಣ ಕಡ್ಡಾಯವಲ್ಲ, ಎರಡು ಮೂರು ವಾರಗಳಲ್ಲೇ ಫಲಿತಾಂಶ ಕಾಣುತ್ತದೆ. ನೆಲೆಗೊಳ್ಳುವುದು ಬಹುಪಾಲು ಟಿ ಕೋಶಗಳು ಮಾತ್ರ. ಅವು ಇಲಿಯ ಅಂಗಾಂಶವನ್ನು ಪರಕೀಯವೆಂದು ಗುರುತಿಸಿ ದಾಳಿ ಮಾಡುವುದರಿಂದ ನಾಲ್ಕರಿಂದ ಆರು ವಾರಗಳೊಳಗೆ ಇಲಿ ಕಾಯಿಲೆ ಬೀಳುತ್ತದೆ. ಪ್ರಯೋಗದ ಅವಧಿ ಹೀಗೆ ಚಿಕ್ಕದಾದರೂ ಮೊದಲ ಸಲ ಕೈಹಾಕುವವರಿಗೆ ಪಿಬಿಎಂಸಿ ಮಾದರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಮುಂದಿನ ಹಂತಗಳೆಲ್ಲ ಅದಕ್ಕೇ ಸಂಬಂಧಿಸಿದವು.

ಅನುಮತಿಗಳು

ಪ್ರಾಣಿ ಹಿಂಸೆ ತಡೆ ಕಾಯ್ದೆ 1960 ಮತ್ತು ಅದರಡಿಯ 1998ರ ನಿಯಮಗಳ ಪ್ರಕಾರ ಪ್ರಯೋಗ ನಡೆಯುವ ಪ್ರಾಣಿಗೃಹ ನೋಂದಾಯಿತವಾಗಿರಬೇಕು, ಪ್ರತಿ ಯೋಜನೆಗೂ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಮಾನವ ರಕ್ತ ಬಳಸುವುದರಿಂದ ಮಾನವ ಸಂಶೋಧನೆಯ ನೈತಿಕ ಸಮಿತಿಯ ಒಪ್ಪಿಗೆಯೂ, ಇಲಿ ತಳಿ ಮಾರ್ಪಡಿಸಿದ್ದಾದ್ದರಿಂದ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯೂ ಬೇಕಾಗುತ್ತದೆ. ಎರಡು ಸಂಸ್ಥೆಗಳ ನಡುವೆ ಕೋಶ ಸಾಗುವುದಾದರೆ ವಸ್ತು ವರ್ಗಾವಣೆಯ ಒಪ್ಪಂದವನ್ನೂ ಮೊದಲೇ ಮಾಡಿಕೊಳ್ಳಿ. ಇವೆಲ್ಲ ತಿಂಗಳುಗಳನ್ನು ನುಂಗುವ ಕೆಲಸಗಳು, ಆದ್ದರಿಂದ ಇಲಿಯ ಬೆಲೆ ವಿಚಾರಿಸುವ ಮೊದಲೇ ಅರ್ಜಿಗಳನ್ನು ಬರೆಯಲು ಕೂರಬೇಕು.

ದಾನಿಯ ಒಪ್ಪಿಗೆ ಪತ್ರದ ಬಗ್ಗೆ ಒಂದು ಮಾತು. ನಮ್ಮ ಜಿಲ್ಲೆಗಳಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು ಮನೆಮಾತಿನವರು ಬಹಳ. ಬೆಂಗಳೂರಿನ ಯಾವುದೋ ಯೋಜನೆಯ ಇಂಗ್ಲಿಷ್ ಪತ್ರವನ್ನು ನಕಲು ಮಾಡಿ ಸಹಿ ಹಾಕಿಸಿಕೊಳ್ಳುವುದು ಒಪ್ಪಿಗೆ ಆಗುವುದಿಲ್ಲ. ನಿಮ್ಮ ರಕ್ತದ ಕೋಶಗಳನ್ನು ಇಲಿಗೆ ಚುಚ್ಚುತ್ತೇವೆ ಎಂಬ ವಿಷಯವನ್ನು ದಾನಿಗೆ ಅರ್ಥವಾಗುವ ಭಾಷೆಯಲ್ಲಿ ನೇರವಾಗಿ ಬರೆದಿರಬೇಕು. ಆ ಸಂಗತಿಗೆ ಮನಸ್ಸು ಒಪ್ಪದವರೂ ಇರುತ್ತಾರೆ, ಅವರನ್ನು ಒತ್ತಾಯಿಸಬಾರದು.

ಲೆಕ್ಕ ಹಾಕುವುದು

ಇಲಿಯೊಂದಕ್ಕೆ ಒಂದು ಕೋಟಿ ಪಿಬಿಎಂಸಿ ಎಂಬುದು ಹೆಚ್ಚಾಗಿ ಬಳಸುವ ಪ್ರಮಾಣ. ಹತ್ತು ಇಲಿಗಳಿಗೆ ಹತ್ತು ಕೋಟಿ. ಸಿರಿಂಜಿನಲ್ಲಿ, ಶೋಧಕದಲ್ಲಿ, ಎಣಿಕೆಯಲ್ಲಿ ಹೋಗುವುದನ್ನು ಸೇರಿಸಿದರೆ ಹನ್ನೆರಡು ಕೋಟಿ ಬೇಕು. ಹೆಪ್ಪುಗಟ್ಟಿಸಿ ಕರಗಿಸುವಾಗ ಮೂರನೇ ಒಂದು ಭಾಗ ನಷ್ಟವಾಗುತ್ತದೆಂದು ಎಣಿಸಿದರೆ ಹೆಪ್ಪುಗಟ್ಟಿಸುವ ಹೊತ್ತಿಗೆ ಹದಿನೆಂಟು ಕೋಟಿ ಕೈಯಲ್ಲಿರಬೇಕು. ಆರೋಗ್ಯವಂತರ ಒಂದು ಮಿಲಿಲೀಟರ್ ರಕ್ತದಿಂದ ಹತ್ತರಿಂದ ಇಪ್ಪತ್ತು ಲಕ್ಷ ಪಿಬಿಎಂಸಿ ಸಿಗುತ್ತದೆ. ಕಡಿಮೆಯ ಅಂಕಿಯನ್ನೇ ಹಿಡಿದರೆ 180 ಮಿಲಿಲೀಟರ್ ರಕ್ತ ಬೇಕು, ಅಂದರೆ ರಕ್ತನಿಧಿಯ 350 ಮಿಲಿಲೀಟರಿನ ಒಂದು ಚೀಲ ಧಾರಾಳವಾಗಿ ಸಾಕು. ತೋಳಿನಿಂದ ಹತ್ತು ಮಿಲಿಲೀಟರ್ ತೆಗೆದು ಈ ಪ್ರಯೋಗ ಮಾಡಬಹುದೆಂದು ಭಾವಿಸುವವರು ಈ ಲೆಕ್ಕವನ್ನು ಇನ್ನೊಮ್ಮೆ ಓದಬೇಕು.

ದಾನಿಗಳು ಒಬ್ಬರಿಗಿಂತ ಹೆಚ್ಚಿರಲಿ. ಒಬ್ಬರ ಕೋಶ ಮೂರೇ ವಾರದಲ್ಲಿ ಇಲಿಯನ್ನು ಮಲಗಿಸಿದರೆ ಮತ್ತೊಬ್ಬರ ಕೋಶ ಆರು ವಾರವಾದರೂ ಸುಮ್ಮನಿರಬಹುದು. ಒಬ್ಬನೇ ದಾನಿಯ ಕೋಶ ಪಡೆದ ಹತ್ತು ಇಲಿಗಳನ್ನು ಹತ್ತು ಸ್ವತಂತ್ರ ಸಾಕ್ಷ್ಯಗಳೆಂದು ಪ್ರಬಂಧದಲ್ಲಿ ಬರೆಯುವುದು ಸಂಖ್ಯಾಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಹೋಲಿಕೆಗಾಗಿ ಬರೀ ಉಪ್ಪುದ್ರಾವಣ ಪಡೆಯುವ ಎರಡು ಮೂರು ಇಲಿಗಳನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಕೋಶಗಳನ್ನು ಬೇರ್ಪಡಿಸುವುದು

ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳು ಮುಗಿದ ರಕ್ತವನ್ನೇ ಬಳಸಿ. ಆದರೂ ಎಲ್ಲ ಮಾನವ ರಕ್ತವನ್ನೂ ಸೋಂಕಿರುವ ರಕ್ತವೆಂದೇ ಭಾವಿಸಿ, ಎರಡನೇ ವರ್ಗದ (ಕ್ಲಾಸ್ 2) ಜೈವಿಕ ಸುರಕ್ಷತಾ ಕಪಾಟಿನೊಳಗೆ ಕೆಲಸ ಮಾಡಿ. ಕೆಲಸ ಮಾಡುವವರಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿರಬೇಕು.

ರಕ್ತವನ್ನು ಮಂಜುಗಡ್ಡೆಯ ಮೇಲೆ ಇಡಬೇಡಿ, ಹಾಗೆಂದು ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲೂ ಒಯ್ಯಬೇಡಿ. ರಕ್ತಕೋಶಗಳಿಗೆ ಹಿತವಾದದ್ದು 18ರಿಂದ 22 ಡಿಗ್ರಿ ಸೆಲ್ಸಿಯಸ್. ನಮ್ಮಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ ರಕ್ತನಿಧಿಯಿಂದ ಪ್ರಯೋಗಾಲಯಕ್ಕೆ ಹೋಗುವ ಅರ್ಧ ಗಂಟೆಯ ದಾರಿಯೂ ಉಷ್ಣನಿರೋಧಕ ಪೆಟ್ಟಿಗೆಯಲ್ಲೇ, ತಾಪಮಾಪಕದೊಂದಿಗೆ ಸಾಗಬೇಕು. ರಕ್ತ ತೆಗೆದ ಎಂಟು ಗಂಟೆಯೊಳಗೆ ಬೇರ್ಪಡಿಸುವುದು ಒಳ್ಳೆಯದು. ತಡವಾದಷ್ಟೂ ನ್ಯೂಟ್ರೋಫಿಲ್ ಎಂಬ ಬೇರೆ ಬಗೆಯ ಬಿಳಿ ರಕ್ತಕೋಶಗಳ ಸಾಂದ್ರತೆ ಇಳಿದು ಅವು ಪಿಬಿಎಂಸಿ ಪದರದಲ್ಲೇ ಬಂದು ಸೇರುತ್ತವೆ.

ರಕ್ತಕ್ಕೆ ಸಮಪ್ರಮಾಣದ ಫಾಸ್ಫೇಟ್ ಉಪ್ಪುದ್ರಾವಣ ಬೆರೆಸಿ, 1.077 ಸಾಂದ್ರತೆಯ ಫೈಕಾಲ್ ದ್ರವದ ಮೇಲೆ ಕೊಳವೆಯ ಗೋಡೆಗುಂಟ ನಿಧಾನವಾಗಿ ಇಳಿಬಿಡಿ. ಎರಡು ದ್ರವಗಳು ಬೆರೆತರೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. 20 ಡಿಗ್ರಿಯಲ್ಲಿ, ಗುರುತ್ವದ 400 ಪಟ್ಟು ಬಲದಲ್ಲಿ, 30 ನಿಮಿಷ ತಿರುಗಿಸಿ. ಯಂತ್ರದ ಬ್ರೇಕನ್ನು ಆರಿಸಿರಬೇಕು, ಇಲ್ಲವಾದರೆ ನಿಲ್ಲುವಾಗಿನ ಕುಲುಕಿಗೆ ಪದರ ಕದಡುತ್ತದೆ. ನಮ್ಮ ಕಾಲೇಜುಗಳ ಹಳೆಯ ಯಂತ್ರಗಳು ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನಷ್ಟೇ ತೋರಿಸುತ್ತವೆ. ತಿರುಗು ತೋಳಿನ ತ್ರಿಜ್ಯ 16 ಸೆಂಟಿಮೀಟರ್ ಇದ್ದರೆ 400 ಪಟ್ಟು ಬಲಕ್ಕೆ ಸುಮಾರು 1500 ಸುತ್ತು ಬೇಕು. ತ್ರಿಜ್ಯ ಬೇರೆಯಾದರೆ ಸುತ್ತೂ ಬೇರೆ, ಹಾಗಾಗಿ ಬೇರೆಯವರ ಟಿಪ್ಪಣಿ ಪುಸ್ತಕದ ಸಂಖ್ಯೆಯನ್ನು ಹಾಗೆಯೇ ಬಳಸದೆ ನಿಮ್ಮ ಯಂತ್ರದ ತ್ರಿಜ್ಯವನ್ನು ಅಳೆದು ಲೆಕ್ಕಹಾಕಿ.

ತಿರುಗಿ ನಿಂತ ಕೊಳವೆಯಲ್ಲಿ ಮೇಲೆ ಹಳದಿ ಪ್ಲಾಸ್ಮಾ, ತಳದಲ್ಲಿ ಕೆಂಪು ಕೋಶ, ನಡುವೆ ಅಕ್ಕಿ ತೊಳೆದ ನೀರಿನ ಬಣ್ಣದ ತೆಳು ಉಂಗುರ ಕಾಣುತ್ತದೆ. ಆ ಉಂಗುರವನ್ನು ಮಾತ್ರ ಪಿಪೆಟ್ಟಿನಿಂದ ಹೀರಿಕೊಳ್ಳಿ. ಧಾರಾಳವಾಗಿ ಉಪ್ಪುದ್ರಾವಣ ಹಾಕಿ ಒಮ್ಮೆ ತೊಳೆದು, ಎರಡನೇ ಸಲ 200 ಪಟ್ಟು ಬಲದಲ್ಲಿ ಹತ್ತು ನಿಮಿಷ ಮಾತ್ರ ತಿರುಗಿಸಿದರೆ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್‌ಗಳು) ಮೇಲಿನ ದ್ರವದಲ್ಲೇ ಉಳಿದು, ಅದರೊಂದಿಗೆ ಹೊರಹೋಗುತ್ತವೆ. ಅವು ಕೋಶಗಳ ಜೊತೆ ಉಳಿದರೆ ಕೋಶಗಳು ಮುದ್ದೆಗಟ್ಟಲು ದಾರಿಯಾಗುತ್ತದೆ.

ಎಣಿಕೆಗೆ ಟ್ರಿಪಾನ್ ನೀಲಿ ಬಣ್ಣ ಸಾಕು. ಸತ್ತ ಕೋಶ ನೀಲಿಯಾಗುತ್ತದೆ, ಬದುಕಿರುವುದು ಹೊಳೆಯುತ್ತದೆ. ಎಣಿಕೆಯ ಗಾಜಿನ ನಾಲ್ಕು ಮೂಲೆ ಚೌಕಗಳ ಸರಾಸರಿಯನ್ನು ದ್ರಾವಣ ತೆಳುಮಾಡಿದ ಪಟ್ಟಿನಿಂದಲೂ ಹತ್ತು ಸಾವಿರದಿಂದಲೂ ಗುಣಿಸಿದರೆ ಮಿಲಿಲೀಟರಿಗೆ ಎಷ್ಟು ಕೋಶ ಎಂಬುದು ಬರುತ್ತದೆ: ಸರಾಸರಿ 60, ತೆಳುಮಾಡಿದ್ದು ಹತ್ತು ಪಟ್ಟು ಎಂದಾದರೆ ಮಿಲಿಲೀಟರಿಗೆ 60 ಲಕ್ಷ.

ಹೆಪ್ಪುಗಟ್ಟಿಸಿ ಸಾಗಿಸುವುದು

ತಾಜಾ ಕೋಶವೇ ಶ್ರೇಷ್ಠ ಎಂದು ಹಲವರು ಹೇಳುತ್ತಾರೆ, ಪ್ರಾಣಿಗೃಹದ ಪಕ್ಕದ ಕೋಣೆಯಲ್ಲೇ ರಕ್ತ ಸಿಗುವವರಿಗೆ ಅದು ನಿಜ. ಕೊಪ್ಪಳದಲ್ಲಿ ಕುಳಿತವರಿಗೆ ಹೆಪ್ಪುಗಟ್ಟಿಸಿದ ಕೋಶವೇ ಲೇಸು. ದಾನಿಯ ಸೋಂಕು ಪರೀಕ್ಷೆಯ ವರದಿ ಬರುವವರೆಗೆ ಕಾಯಬಹುದು, ಇಲಿಗಳು ಹೊಸ ಜಾಗಕ್ಕೆ ಹೊಂದಿಕೊಳ್ಳುವವರೆಗೆ ತಡೆಯಬಹುದು, ಒಂದೇ ದಿನ ಹಲವು ದಾನಿಗಳ ಕೋಶಗಳನ್ನು ಕೊಡಬಹುದು; ರೈಲು ತಡವಾದರೂ ಪ್ರಯೋಗ ಕೆಡುವುದಿಲ್ಲ.

ನೂರಕ್ಕೆ 90 ಪಾಲು ಕರುವಿನ ಭ್ರೂಣದ ಸೀರಂ, 10 ಪಾಲು ಹೆಪ್ಪುಗಟ್ಟುವಾಗ ಕೋಶವನ್ನು ಕಾಯುವ ಡಿಎಂಎಸ್‌ಒ ಎಂಬ ದ್ರಾವಕ ಬೆರೆಸಿದ ತಣ್ಣನೆಯ ದ್ರವದಲ್ಲಿ ಕೋಶಗಳನ್ನು ಸೀಸೆಗಳಿಗೆ ತುಂಬಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ತಾಪ ಇಳಿಸುವ ಪೆಟ್ಟಿಗೆಯಲ್ಲಿಟ್ಟು ಮೈನಸ್ 80 ಡಿಗ್ರಿಯ ಶೀತಕದಲ್ಲಿ ರಾತ್ರಿಯಿಡೀ ಬಿಡಿ. ಮಾರನೆಯ ದಿನ ದ್ರವ ಸಾರಜನಕಕ್ಕೆ ವರ್ಗಾಯಿಸಿ. ದ್ರವ ಸಾರಜನಕ ಎಂದ ಕೂಡಲೇ ಕೈಚೆಲ್ಲಬೇಕಿಲ್ಲ: ಹಸು ಎಮ್ಮೆಗಳ ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಕಾಪಾಡುವುದೇ ಅದರಲ್ಲಿ, ಆದ್ದರಿಂದ ಪಶುವೈದ್ಯ ವ್ಯವಸ್ಥೆಗೆ ಅದನ್ನು ಪೂರೈಸುವ ಜಾಲ ನಮ್ಮ ಜಿಲ್ಲೆಗಳಲ್ಲೂ ಇದೆ. ಸಾಗಣೆಗೆ ಸಾರಜನಕವನ್ನು ಹೀರಿಕೊಂಡಿಟ್ಟುಕೊಳ್ಳುವ ಒಣ ಸಾಗಣೆ ಪಾತ್ರೆಯನ್ನು ಬಾಡಿಗೆಗೋ ಎರವಲಿಗೋ ಪಡೆಯಿರಿ. ಚೆಲ್ಲುವ ದ್ರವವಿಲ್ಲದೆ ಅದರ ಒಳಗಿನ ಚಳಿ ಕೆಲವು ದಿನ ಉಳಿಯುತ್ತದೆ.

ಪ್ರಾಣಿಗೃಹದಲ್ಲಿ

ಎನ್‌ಎಸ್‌ಜಿ ಇಲಿಗೆ ಸಾಮಾನ್ಯ ಪ್ರಾಣಿಗೃಹದ ಗಾಳಿಯೇ ಅಪಾಯ. ಪ್ರತ್ಯೇಕವಾಗಿ ಶೋಧಿಸಿದ ಗಾಳಿ ಬರುವ ಪಂಜರ, ಒತ್ತಡದ ಹಬೆಯಲ್ಲಿ ಬೇಯಿಸಿದ ಹಾಸು, ವಿಕಿರಣದಿಂದ ಶುದ್ಧಗೊಳಿಸಿದ ಆಹಾರ, ಆಮ್ಲೀಯಗೊಳಿಸಿದ ಅಥವಾ ಬೇಯಿಸಿದ ನೀರು ಇವೆಲ್ಲ ಅದಕ್ಕೆ ಬೇಕು. ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರ ಸಾಧಾರಣ ಇಲಿಗೆ ಏನೂ ಮಾಡದೆ ಇದ್ದು, ಇವುಗಳ ಶ್ವಾಸಕೋಶವನ್ನು ತುಂಬಿ ಕೊಲ್ಲಬಲ್ಲದು.

ಇಲಿಯನ್ನು ಇಲ್ಲಿಗೆ ತರಬೇಡಿ ಎಂದದ್ದು ಇದಕ್ಕೇ. ಬೇಸಿಗೆಯಲ್ಲಿ ವಿದ್ಯುತ್ ಹೋದಾಗ ಹವಾನಿಯಂತ್ರಣ ನಿಲ್ಲುವುದಷ್ಟೇ ಅಲ್ಲ, ಮುಚ್ಚಿದ ಪಂಜರಗಳಿಗೆ ಗಾಳಿಯೂಡುವ ಯಂತ್ರವೂ ನಿಂತು ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಸಂಡೂರು, ಬಳ್ಳಾರಿ ಸುತ್ತಿನ ಅದಿರಿನ ಧೂಳಿಗೆ ಗಾಳಿಶೋಧಕಗಳು ಬೇಗ ಕಟ್ಟಿಕೊಳ್ಳುತ್ತವೆ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಿಂದ ಭತ್ತದ ಹೊಟ್ಟು ಅಗ್ಗಕ್ಕೆ ಸಿಗುತ್ತದೆಂದು ಅದನ್ನೇ ಹಾಸಾಗಿ ಬಳಸುವ ಆಸೆಯೂ ಹುಟ್ಟುತ್ತದೆ. ಧೂಳು ಮತ್ತು ಶಿಲೀಂಧ್ರದ ಬೀಜಾಣುಗಳಿರುವ ಆ ಹೊಟ್ಟು ಇಂಥ ಇಲಿಗೆ ಯೋಗ್ಯವಲ್ಲ, ಹಬೆಯಲ್ಲಿ ಶುದ್ಧಮಾಡಿದ ಮೆಕ್ಕೆಜೋಳದ ದಿಂಡಿನ ಪುಡಿ ವಾಸಿ. ಈ ಎಲ್ಲಕ್ಕೂ ವ್ಯವಸ್ಥೆ ಮಾಡಬಹುದು, ಆದರೆ ಒಂದು ಪಿಎಚ್‌ಡಿ ಅವಧಿಯಲ್ಲಿ, ಒಂದು ಯೋಜನೆಯ ಹಣದಲ್ಲಿ ಮಾಡಲಾಗದು.

ಇಲಿಗಳು ಬಂದ ಮೇಲೆ ಕನಿಷ್ಠ ಒಂದು ವಾರ ಹೊಂದಿಕೊಳ್ಳಲು ಬಿಡಿ. ಚುಚ್ಚುವ ದಿನ ಪ್ರತಿ ಇಲಿಯನ್ನೂ ತೂಗಿ ಗುರುತು ಹಾಕಿ, ಯಾವ ಇಲಿ ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಸೀಸೆಯನ್ನು 37 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಿ, ಬೆಚ್ಚಗಿನ ಪೋಷಕ ದ್ರವವನ್ನು ಹನಿಹನಿಯಾಗಿ ಸೇರಿಸಿ, ತೊಳೆದು ಮತ್ತೆ ಎಣಿಸಿ. ಬದುಕಿರುವ ಕೋಶಗಳ ಪಾಲು ನೂರಕ್ಕೆ 90ಕ್ಕಿಂತ ಬಹಳ ಕಡಿಮೆ ಇದ್ದರೆ ಆ ದಿನ ಚುಚ್ಚುವುದನ್ನು ನಿಲ್ಲಿಸಿ. ಸತ್ತ ಕೋಶಗಳಿಂದ ಹೊರಬಂದ ಡಿಎನ್‌ಎ ಉಳಿದವನ್ನು ಅಂಟಿಸಿ ಮುದ್ದೆ ಮಾಡುತ್ತದೆ, ಆ ಮುದ್ದೆ ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಇಲಿ ನಿಮ್ಮ ಕೈಯಲ್ಲೇ ಸಾಯುತ್ತದೆ. 40 ಮೈಕ್ರಾನ್ ಜಾಲರಿಯಲ್ಲಿ ಶೋಧಿಸಿ, ಸೀರಂ ಇಲ್ಲದ ಉಪ್ಪುದ್ರಾವಣದಲ್ಲಿ ಮಿಲಿಲೀಟರಿಗೆ ಐದು ಕೋಟಿಯಂತೆ ಹದಮಾಡಿಕೊಳ್ಳಿ. ಹಾಗಾದರೆ 200 ಮೈಕ್ರೋಲೀಟರಿನಲ್ಲಿ ಒಂದು ಕೋಟಿ ಇರುತ್ತದೆ.

ಬಾಲದ ಎರಡು ಪಕ್ಕದಲ್ಲಿ ಓಡುವ ರಕ್ತನಾಳಗಳೇ ಚುಚ್ಚುವ ಜಾಗ. ಹೊರಗೆ ಎಷ್ಟೇ ಬಿಸಿಲಿದ್ದರೂ ಪ್ರಾಣಿಗೃಹದೊಳಗೆ ಬಾಲ ತಣ್ಣಗೇ ಇರುತ್ತದೆ, ಹಾಗಾಗಿ 38ರಿಂದ 40 ಡಿಗ್ರಿ ನೀರಿನಲ್ಲಿ ಕೆಲವು ನಿಮಿಷ ಅದ್ದಿ ನಾಳ ಹಿಗ್ಗಿಸಿಕೊಳ್ಳಬೇಕು. ಪ್ರತಿ ಇಲಿಗೆ ಮುನ್ನ ಕೊಳವೆಯನ್ನು ಮೆಲ್ಲಗೆ ತಿರುವಿ, ಏಕೆಂದರೆ ಕೋಶಗಳು ತಳಕ್ಕೆ ಕೂರುತ್ತವೆ. ತಿರುವದಿದ್ದರೆ ಮೊದಲ ಇಲಿಗೂ ಕೊನೆಯ ಇಲಿಗೂ ಪ್ರಮಾಣ ಬೇರೆಯಾಗುತ್ತದೆ. ಸೂಜಿ ಹಾಕದೆ ಸಿರಿಂಜಿಗೆ ಹೀರಿಕೊಂಡು, ಗಾಳಿಗುಳ್ಳೆ ತೆಗೆದು, ನಂತರ 27 ಗೇಜಿನ ಸೂಜಿ ಜೋಡಿಸಿ. ಬಾಲದ ತುದಿಯ ಕಡೆಯಿಂದ ಪ್ರಾರಂಭಿಸಿ, ಸೂಜಿಯ ಬಾಯಿ ಮೇಲ್ಮುಖವಾಗಿರುವಂತೆ, ನಾಳಕ್ಕೆ ಸಮಾನಾಂತರವಾಗಿ ಒಳಸೇರಿಸಿ. ಸರಿಯಾಗಿ ಕೂತಿದ್ದರೆ ದ್ರವ ತಡೆಯಿಲ್ಲದೆ ಹೋಗಿ ನಾಳ ಕ್ಷಣಕಾಲ ಬಿಳಿಚುತ್ತದೆ. ಚರ್ಮ ಉಬ್ಬಿದರೆ ತಕ್ಷಣ ನಿಲ್ಲಿಸಿ, ಸ್ವಲ್ಪ ಮೇಲಕ್ಕೆ, ಬುಡದ ಕಡೆಗೆ ಹೋಗಿ ಮತ್ತೆ ಪ್ರಯತ್ನಿಸಿ. ಈ ಕೈಚಳಕ ಓದಿ ಬರುವುದಲ್ಲ. ಸಮಿತಿಯ ಒಪ್ಪಿಗೆಯೊಂದಿಗೆ, ಅನುಭವಿಗಳ ಮೇಲ್ವಿಚಾರಣೆಯಲ್ಲಿ, ಬರೀ ಉಪ್ಪುದ್ರಾವಣದಿಂದ ಅಭ್ಯಾಸ ಮಾಡಿದವರ ಕೈಗೇ ಕೋಶದ ಸಿರಿಂಜನ್ನು ಕೊಡಬೇಕು.

ಚುಚ್ಚಿದ ಮೇಲೆ

ಎರಡನೇ ವಾರದಿಂದ ವಾರಕ್ಕೊಮ್ಮೆ ಹಿಂಗಾಲಿನ ನಾಳದಿಂದ 50 ಮೈಕ್ರೋಲೀಟರಿನಷ್ಟು ರಕ್ತ ತೆಗೆದರೆ ಸಾಕು. ಇಪ್ಪತ್ತು ಗ್ರಾಂ ಇಲಿಯ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು ಒಂದೂವರೆ ಮಿಲಿಲೀಟರ್ ಎಂಬುದು ನೆನಪಿರಲಿ. ಕೆಂಪು ಕೋಶಗಳನ್ನು ಒಡೆದು, ಬಿಳಿ ರಕ್ತಕೋಶಗಳ ಗುರುತಾದ ಮಾನವ ಸಿಡಿ45 ಮತ್ತು ಇಲಿಯ ಸಿಡಿ45, ಟಿ ಕೋಶಗಳ ಗುರುತುಗಳಾದ ಮಾನವ ಸಿಡಿ3, ಸಿಡಿ4, ಸಿಡಿ8 ಮತ್ತು ಬಿ ಕೋಶಗಳ ಗುರುತಾದ ಸಿಡಿ19ರ ಪ್ರತಿಕಾಯಗಳ ಜೊತೆಗೆ ಸತ್ತ ಕೋಶ ಗುರುತಿಸುವ ಬಣ್ಣವನ್ನೂ ಹಾಕಿ ಕೋಶಗಳನ್ನು ಒಂದೊಂದಾಗಿ ಬಣ್ಣದ ಮೇಲೆ ಗುರುತಿಸಿ ಎಣಿಸುವ ಫ್ಲೋ ಸೈಟೋಮೀಟರಿನಲ್ಲಿ ನೋಡಿ. ಮಾನವ ಸಿಡಿ45 ಇರುವ ಕೋಶಗಳನ್ನು, ಮಾನವ ಮತ್ತು ಇಲಿಯ ಸಿಡಿ45 ಕೋಶಗಳ ಒಟ್ಟು ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಕಸಿಯ ಶೇಕಡಾ ಪ್ರಮಾಣ ಸಿಗುತ್ತದೆ. ಉಪ್ಪುದ್ರಾವಣ ಪಡೆದ ಇಲಿಯ ರಕ್ತದಲ್ಲಿ ಈ ಸಂಖ್ಯೆ ಸೊನ್ನೆಗೆ ಹತ್ತಿರ ಇರಬೇಕು. ಇಲ್ಲವಾದರೆ ಯಂತ್ರದಲ್ಲಿ ಕೋಶಗಳನ್ನು ವಿಂಗಡಿಸಲು ಗಡಿ ಹಾಕಿದ್ದೇ ತಪ್ಪು, ಕಸಿಯ ಮಾತು ಆಮೇಲೆ.

ಮೊದಲ ಎರಡು ವಾರ ವಾರಕ್ಕೆ ಮೂರು ಸಲ, ನಂತರ ದಿನಾಲೂ ತೂಗಿ. ತೂಕ, ಕೂರುವ ಭಂಗಿ, ಓಡಾಟ, ತುಪ್ಪಳ, ಚರ್ಮ ಈ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುವ ಪದ್ಧತಿ ಚಾಲ್ತಿಯಲ್ಲಿದೆ. ಬೆನ್ನು ಗೂನಾಗಿ, ತುಪ್ಪಳ ಕೆದರಿ, ಮೂಲೆ ಹಿಡಿದ ಇಲಿಯಲ್ಲಿ ಮಾನವ ಟಿ ಕೋಶಗಳ ದಾಳಿ ಶುರುವಾಗಿದೆ ಎಂದರ್ಥ. ಆರಂಭದ ತೂಕದಲ್ಲಿ ಐದನೇ ಒಂದು ಭಾಗ ಕಳೆದುಕೊಂಡರೆ, ಅಥವಾ ಸಮಿತಿ ಒಪ್ಪಿದ ಅಂಕ ಮುಟ್ಟಿದರೆ, ಅಂದೇ ಆ ಇಲಿಯ ನೋವನ್ನು ಕೊನೆಗಾಣಿಸಬೇಕು. ಇನ್ನೆರಡು ದಿನ ತಡೆದರೆ ಬದುಕುಳಿಯುವಿಕೆಯ ನಕ್ಷೆ ಚೆನ್ನಾಗಿ ಬರುತ್ತದೆ ಎಂಬ ಮಾರ್ಗದರ್ಶಕರ ಮಾತಿಗೂ ಇಲ್ಲಿ ಬೆಲೆ ಕೊಡಬೇಕಿಲ್ಲ. ತೂಕ ಇಳಿಯುವುದೆಲ್ಲ ಈ ದಾಳಿಯಿಂದಲೇ ಅಲ್ಲ: ದಾನಿಯಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಸುಪ್ತವಾಗಿದ್ದರೆ ಅವರ ಬಿ ಕೋಶಗಳು ಇಲಿಯಲ್ಲಿ ಗೆಡ್ಡೆಯಾಗಿ ಬೆಳೆದ ಉದಾಹರಣೆಗಳು 1988ರ ಮೊದಲ ಪ್ರಯೋಗಗಳಿಂದಲೂ ಇವೆ. ಆದ್ದರಿಂದ ಶವಪರೀಕ್ಷೆಯಲ್ಲಿ ಗುಲ್ಮ, ಯಕೃತ್ತು, ಶ್ವಾಸಕೋಶ, ಕರುಳು ಇವುಗಳ ತುಣುಕುಗಳನ್ನು ಫಾರ್ಮಲಿನ್ನಿನಲ್ಲಿ ತೆಗೆದಿಟ್ಟು ರೋಗಶಾಸ್ತ್ರ ವಿಭಾಗದಲ್ಲಿ ತೋರಿಸಿ. ಅಂಗಾಂಶದ ತೆಳು ಪದರ ಓದಬಲ್ಲವರು ನಮ್ಮ ವೈದ್ಯಕೀಯ ಕಾಲೇಜುಗಳಲ್ಲೇ ಇದ್ದಾರೆ.

ಇಲಿಯ ಕಳೇಬರಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಹಳದಿ ಚೀಲಕ್ಕೆ, ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹೋಗಬೇಕು. ಕರಗಿಸದೆ ಉಳಿದ ಪ್ರತಿ ದಾನಿಯ ಒಂದೆರಡು ಸೀಸೆಗಳನ್ನು ಮಾತ್ರ ಸಾರಜನಕದಲ್ಲಿಯೇ ಬಿಡಿ. ಮೂರನೇ ವಾರದಲ್ಲಿ ಒಬ್ಬ ದಾನಿಯ ಇಲಿಗಳಲ್ಲಷ್ಟೇ ಕೋಶ ನಿಲ್ಲದೆ ಹೋದರೆ, ದೋಷ ಕೋಶದಲ್ಲಿತ್ತೋ ಚುಚ್ಚಿದ ಕೈಯಲ್ಲಿತ್ತೋ ಎಂದು ಪರೀಕ್ಷಿಸಲು ಆ ಸೀಸೆಗಳು ಬೇಕಾಗುತ್ತವೆ.